ಜಿಮ್ಮೋ, ಮನೆಯ ಸಲಕರಣೆಯೋ: ಉತ್ತರ ಕನ್ನಡದ ಮಳೆ ಮತ್ತು ಉಪ್ಪುಗಾಳಿಯ ನಡುವೆ ಒಂದು ಹೋಲಿಕೆ

ವ್ಯಾಯಾಮಕ್ಕಾಗಿ ಜಿಮ್ಮಿಗೆ ಸೇರುವುದೋ, ಅದೇ ಹಣದಲ್ಲಿ ಮನೆಗೆ ಒಂದೆರಡು ಸಲಕರಣೆ ತಂದುಕೊಳ್ಳುವುದೋ ಎಂಬ ಪ್ರಶ್ನೆಗೆ ಬಯಲುಸೀಮೆಯ ನಗರಗಳಲ್ಲಿ ಸಿಗುವ ಉತ್ತರ ನಮ್ಮ ಜಿಲ್ಲೆಗೆ ಪೂರ್ತಿ ಹೊಂದುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ವರ್ಷವಿಡೀ ಉಪ್ಪುಗಾಳಿ ಬೀಸುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆಗಾಲ ಮುಗಿಯುವವರೆಗೆ ಗೋಡೆ, ನೆಲ ಎರಡೂ ತೇವವಾಗಿರುತ್ತವೆ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಎರಡೂ ಕಡೆಯ ಅನುಭವ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಯಾವ ವ್ಯವಸ್ಥೆ ನಿಲ್ಲದೆ ನಡೆಯುತ್ತದೆಯೋ ಅದನ್ನೇ ಆರಿಸಬೇಕು. ಮನೆಗೆ ತರುವುದಾದರೆ ಕರೆಂಟು ಬೇಡದ, ತುಕ್ಕಿಗೆ ಸುಲಭವಾಗಿ ಬಲಿಯಾಗದ ವಸ್ತುಗಳಿಂದ ಆರಂಭಿಸಿ, ಮೋಟಾರಿನ ಯಂತ್ರದ ಯೋಚನೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಬೇಕು.

ಹೋಲಿಕೆಗೆ ಇಳಿಯುವ ಮೊದಲು ದೇಹಕ್ಕೆ ಬೇಕಾದದ್ದು ಏನು ಎಂಬುದು ಸ್ಪಷ್ಟವಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು, ಎಂದರೆ ಚುರುಕು ನಡಿಗೆಯಂಥದ್ದನ್ನು, ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನು ಮಾಡಬೇಕು. ಅದರ ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಮುಖ್ಯ ಸ್ನಾಯುಗಳೆಲ್ಲಕ್ಕೂ ಬಲ ಬರುವ ವ್ಯಾಯಾಮ ಮಾಡಬೇಕು. 65 ವರ್ಷ ದಾಟಿದವರಿಗೆ ವಾರದಲ್ಲಿ ಕನಿಷ್ಠ 3 ದಿನ ಸಮತೋಲನ ಸುಧಾರಿಸುವ ಅಭ್ಯಾಸವೂ ಸೇರಿರಬೇಕು. ಇವುಗಳಲ್ಲಿ ಮೊದಲನೆಯದು, ಎಂದರೆ ನಡಿಗೆಯಂಥ ಚಟುವಟಿಕೆ, ನಮ್ಮಲ್ಲಿ ವರ್ಷದ ಎಂಟು ತಿಂಗಳು ಕಾಸಿಲ್ಲದೆ ಸಿಗುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೆಳಗಿನ ಹೊತ್ತು ನಡೆಯುವವರಿಗೆ, ಶಿರಸಿಯ ಸುತ್ತಲಿನ ಏರುತಗ್ಗಿನ ರಸ್ತೆಯಲ್ಲಿ ಅರ್ಧ ಗಂಟೆ ಹೋಗಿಬರುವವರಿಗೆ ಹೃದಯ ಮತ್ತು ಶ್ವಾಸಕೋಶದ ಮಟ್ಟಿಗೆ ಯಂತ್ರದ ಹಂಗಿಲ್ಲ. ನಿಜವಾಗಿ ಕೊರತೆ ಇರುವುದು ಎರಡು ಕಡೆ: ಮಳೆಗಾಲದ ನಡಿಗೆಯಲ್ಲಿ, ಮತ್ತು ವರ್ಷಪೂರ್ತಿ ಬೇಕಾದ ಸ್ನಾಯುಬಲದ ವ್ಯಾಯಾಮದಲ್ಲಿ. ಆದರೆ ವ್ಯಾಯಾಮದ ಸಲಕರಣೆ ಎಂದೊಡನೆ ಹೆಚ್ಚಿನವರ ಮನಸ್ಸು ಟ್ರೆಡ್‌ಮಿಲ್ ಕಡೆಗೇ ಹೋಗುತ್ತದೆ. ನಾಲ್ಕು ತಿಂಗಳ ಕೊರತೆ ತುಂಬಲು ದೊಡ್ಡ ಮೊತ್ತ ಸುರಿದು, ಹನ್ನೆರಡು ತಿಂಗಳ ಕೊರತೆಯನ್ನು ಹಾಗೆಯೇ ಬಿಡುವುದು ಸರಿಯಾದ ಲೆಕ್ಕವಲ್ಲ.

ಜಿಮ್ಮಿನ ಪರವಾಗಿ ಹೇಳಬೇಕಾದ್ದು

ಮನೆಯ ಸಲಕರಣೆ ಎಷ್ಟೇ ಚೆನ್ನಾಗಿದ್ದರೂ ಕೊಡಲಾಗದ ಮೂರು ಸಂಗತಿಗಳು ಜಿಮ್ಮಿನಲ್ಲಿವೆ. ಮೊದಲನೆಯದು ಭಾರ. ಬಲ ಬೆಳೆಯಬೇಕಾದರೆ ಎತ್ತುವ ತೂಕವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಲೇ ಹೋಗಬೇಕು. ಆರೋಗ್ಯವಂತನಾದ ಯುವಕನ ಕಾಲುಗಳಿಗೆ ಮನೆಯ ಡಂಬೆಲ್ ಕೆಲವೇ ತಿಂಗಳಲ್ಲಿ ಹಗುರವಾಗಿಬಿಡುತ್ತದೆ. ಬಾರು, ಎಂದರೆ ಉದ್ದನೆಯ ಕಬ್ಬಿಣದ ಸರಳು, ಅದಕ್ಕೆ ಹಾಕುವ ತೂಕದ ಪ್ಲೇಟು, ಅವನ್ನು ನಿಲ್ಲಿಸುವ ರ‍್ಯಾಕು ಎಲ್ಲವೂ ಒಂದೆಡೆ ಸಿಗುವುದು ಜಿಮ್ಮಿನಲ್ಲಿ. ಎರಡನೆಯದು ತಿದ್ದುವ ಕಣ್ಣು. ಬಗ್ಗಿ ಭಾರ ಎತ್ತುವಾಗ ಬೆನ್ನು ಗೂನಾಗುತ್ತಿದೆಯೇ, ಬಸ್ಕಿ ಹೊಡೆಯುವಾಗ ಮಂಡಿ ಒಳಕ್ಕೆ ವಾಲುತ್ತಿದೆಯೇ ಎಂಬುದು ಮಾಡುವವನಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ನಿಂತ ತರಬೇತುದಾರನಿಗೆ ತಿಳಿಯುತ್ತದೆ. ಮೂರನೆಯದು ಜೊತೆಗಾರರು; ಒಬ್ಬರೇ ಇದ್ದರೆ ಮೂರನೆಯ ವಾರಕ್ಕೆ ಬಿಟ್ಟುಬಿಡುವ ಸ್ವಭಾವದವರಿಗೆ ಇದು ಉಳಿದೆರಡಕ್ಕಿಂತ ದೊಡ್ಡದು.

ಆದುದರಿಂದ ಹಿಂದೆಂದೂ ತೂಕ ಎತ್ತದವರು, ದೂರ ಹೆಚ್ಚಿಲ್ಲದಿದ್ದರೆ, ಎರಡು ಮೂರು ತಿಂಗಳಾದರೂ ಜಿಮ್ಮಿಗೆ ಹೋಗಿ ಮೂಲ ಚಲನೆಗಳನ್ನು ಕಲಿತು, ಆಮೇಲೆ ಮನೆಗೆ ಏನು ಬೇಕೆಂದು ನಿರ್ಧರಿಸುವುದು ಒಳ್ಳೆಯದು. ಇದು ಎರಡನ್ನೂ ಬೆಸೆಯುವ ದಾರಿ. ಯಾವ ಉಪಕರಣವನ್ನು ನಿಜಕ್ಕೂ ಬಳಸುತ್ತೇವೆ ಎಂಬುದೂ ಅಷ್ಟರೊಳಗೆ ಗೊತ್ತಾಗುತ್ತದೆ.

ಸೇರುವ ಮೊದಲು ಜಿಮ್ಮನ್ನು ನೋಡಿಬರಬೇಕಾದ್ದು ನೀವು ಹೋಗಲಿರುವ ಹೊತ್ತಿನಲ್ಲಿಯೇ. ಮಧ್ಯಾಹ್ನ ಖಾಲಿಯಾಗಿ ಕಂಡ ಕೋಣೆ ಸಂಜೆ ಆರಕ್ಕೆ ಕಾಲಿಡಲು ಜಾಗವಿಲ್ಲದಂತಿರಬಹುದು. ಮಹಿಳೆಯರಿಗೆ ಬೇರೆ ಸಮಯವಿದೆಯೇ, ಆ ಸಮಯದಲ್ಲಿ ಮಹಿಳಾ ತರಬೇತುದಾರರು ಇರುತ್ತಾರೆಯೇ, ಕರೆಂಟು ಹೋದಾಗ ಫ್ಯಾನು ಮತ್ತು ದೀಪಕ್ಕೆ ಏನು ವ್ಯವಸ್ಥೆ ಎಂದು ಕೇಳಬೇಕು. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಹೇಳಿದರೂ ಮೊದಲ ಸಲಕ್ಕೆ ತಿಂಗಳ ಲೆಕ್ಕದಲ್ಲಿ ಅಥವಾ ಮೂರು ತಿಂಗಳಿಗೆ ಕಟ್ಟುವುದೇ ಸರಿ, ಅದರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸೇರುವವರು ಮುಂದಿನ ಮಳೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ದೂರವನ್ನು ಅಳೆಯುವಾಗಲೂ ಮಳೆಯ ದಿನದ ದೂರವನ್ನೇ ಅಳೆಯಬೇಕು. ಕಾರವಾರದ ಪೇಟೆಯಲ್ಲಿಯೇ ಮನೆ ಇರುವವರಿಗೆ ಕೊಡೆ ಹಿಡಿದು ನಡೆದುಹೋಗುವಷ್ಟು ಹತ್ತಿರದಲ್ಲಿ ಜಿಮ್ ಇದ್ದರೆ ಮನೆಗೆ ಏನನ್ನೂ ತರಬೇಕಾಗಿಲ್ಲ. ಸದಾಶಿವಗಡದಿಂದ ಕಾಳಿ ನದಿಯ ಸೇತುವೆ ದಾಟಿ ಬೈಕಿನಲ್ಲಿ ಬರುವವರ ಮಾತು ಬೇರೆ. ಜುಲೈ ತಿಂಗಳ ಗಾಳಿಯಲ್ಲಿ ಆ ಸೇತುವೆಯ ಮೇಲೆ ವ್ಯಾಯಾಮಕ್ಕೆಂದು ದಿನಾ ಹೋಗಿಬರುವುದು ಬಹಳ ಕಾಲ ನಡೆಯುವ ಮಾತಲ್ಲ. ಬನವಾಸಿಯಿಂದ ಶಿರಸಿಗೆ 20 ಕಿಲೋಮೀಟರಿಗೂ ಹೆಚ್ಚು ದೂರವಿದೆ. ಶಿರಸಿಯ ಆಸುಪಾಸಿನ ಹಳ್ಳಿಗಳವರು ಬಸ್ಸಿನ ವೇಳೆಗೆ ತಕ್ಕಂತೆ ದಿನವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಒಂದು ಗಂಟೆಯ ವ್ಯಾಯಾಮಕ್ಕೆ ಎರಡು ಗಂಟೆಯ ಪ್ರಯಾಣ ಬೇಕಾಗುವಲ್ಲಿ ಮನೆಯೇ ಜಿಮ್ ಆಗಬೇಕು.

ಹಣದ ಲೆಕ್ಕವೂ ಇದರ ಮೇಲೆಯೇ ನಿಂತಿದೆ. ತಿಂಗಳ ಶುಲ್ಕ 1,000 ರೂಪಾಯಿ ಎಂದು ಇಟ್ಟುಕೊಂಡರೆ ವರ್ಷಕ್ಕೆ 12,000 ಆಯಿತು. ಅದಕ್ಕೆ ಪೆಟ್ರೋಲನ್ನು ಕೂಡಿಸಿ, ಬಂದ ಮೊತ್ತವನ್ನು ನಿಜವಾಗಿ ಹೋಗಲಿರುವ ದಿನಗಳಿಂದ ಭಾಗಿಸಿದರೆ ಒಂದು ದಿನದ ಬೆಲೆ ಸಿಗುತ್ತದೆ. ಮನೆಯ ಸಲಕರಣೆಗೂ ಇದೇ ಭಾಗಾಕಾರ ಮಾಡಬೇಕು, ಆದರೆ ದುರಸ್ತಿಯ ಖರ್ಚನ್ನೂ ಅದು ಬಾಳುವ ವರ್ಷಗಳನ್ನೂ ಪ್ರಾಮಾಣಿಕವಾಗಿ ಸೇರಿಸಿಕೊಂಡು. ಕರಾವಳಿಯಲ್ಲಿ ಆ ಬಾಳಿಕೆಯ ಪ್ರಶ್ನೆಯೇ ದೊಡ್ಡದು.

ತುಕ್ಕು, ಬೂಸ್ಟು ಮತ್ತು ನೆಲದ ತೇವ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು. ಉಪ್ಪು ಸೇರಿದರೆ ಅದರ ವೇಗ ಬಹಳ ಹೆಚ್ಚುತ್ತದೆ. ಗಾಳಿಯಲ್ಲಿ ಬಂದು ಕುಳಿತ ಉಪ್ಪಿನ ಕಣ ಸುತ್ತಲಿನ ತೇವವನ್ನು ಹೀರಿಕೊಂಡು ಲೋಹದ ಮೇಲೆ ತೆಳುವಾದ ಉಪ್ಪುನೀರಿನ ಪದರವಾಗಿ ನಿಲ್ಲುತ್ತದೆ, ಬಣ್ಣ ಅಥವಾ ಕ್ರೋಮು ಎಲ್ಲಿ ಚೂರು ಎದ್ದಿದೆಯೋ ಅಲ್ಲಿಂದ ಒಳಕ್ಕೆ ಇಳಿಯುತ್ತದೆ. ವ್ಯಾಯಾಮ ಮಾಡುವವರ ಬೆವರಿನಲ್ಲಿಯೂ ಇರುವುದು ಅದೇ ಉಪ್ಪು. ಕಾರವಾರದಲ್ಲಿ ಕಡಲಿಗೆ ಹತ್ತಿರವಿರುವ ನೆಂಟರ ಮನೆಯಲ್ಲಿ ಒಂದು ಎಕ್ಸರ್‌ಸೈಜ್ ಸೈಕಲ್ ಇದೆ. ದೂರದಿಂದ ನೋಡಿದರೆ ಹೊಸದರಂತಿದೆ, ಆದರೆ ಸೀಟಿನ ಎತ್ತರ ಬದಲಿಸುವ ಪಿನ್ನನ್ನು ಎಳೆಯಲು ಹೋದರೆ ಅದು ಕದಲುವುದಿಲ್ಲ. ಕೊಳವೆಯೊಳಗೆ ಕೊಳವೆ ಸೇರುವ ಆ ಜಾಗದಲ್ಲಿ ಬಣ್ಣವಿರಲಿಲ್ಲ. ಒಂದು ಮಳೆಗಾಲ ಸೀಟನ್ನು ಮೇಲೆ ಕೆಳಗೆ ಸರಿಸದೆ ಬಿಟ್ಟಿದ್ದಕ್ಕೆ ಎರಡೂ ಕೊಳವೆಗಳು ತುಕ್ಕಿನಿಂದ ಅಂಟಿಕೊಂಡುಬಿಟ್ಟವು. ಈಗ ಆ ಸೈಕಲ್ ಮನೆಯಲ್ಲಿ ಒಬ್ಬರ ಕಾಲಿನ ಅಳತೆಗೆ ಮಾತ್ರ ಸರಿಹೊಂದುತ್ತದೆ. ಕೊಳ್ಳುವಾಗ ಎಲ್ಲರೂ ನೋಡುವುದು ಡಿಸ್‌ಪ್ಲೇಯನ್ನು. ಇಲ್ಲಿ ನೋಡಬೇಕಾದ್ದು ಕೀಲುಗಳನ್ನು, ಬೋಲ್ಟುಗಳನ್ನು, ಕೊಳವೆಯ ತುದಿಗಳನ್ನು.

ಈ ದೃಷ್ಟಿಯಿಂದ ಡಂಬೆಲ್‌ಗಳಲ್ಲಿ ರಬ್ಬರ್ ಹೊದಿಕೆಯ, ಆರು ಮೂಲೆಯ ಜೋಡಿ ಕರಾವಳಿಗೆ ಉತ್ತಮ. ಬರೀ ಬಣ್ಣ ಬಳಿದ ಎರಕದ ಕಬ್ಬಿಣದವು ಅಗ್ಗ, ಆದರೆ ಒಂದಕ್ಕೊಂದು ತಾಗಿ ಬಣ್ಣ ಎದ್ದಲ್ಲೆಲ್ಲ ತುಕ್ಕು ಏಳುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟು ಅಥವಾ ಮರಳು ತುಂಬಿದವು ತುಕ್ಕಿನ ಮಟ್ಟಿಗೆ ನಿಶ್ಚಿಂತೆ. ಆದರೆ ಗಾತ್ರ ದೊಡ್ಡದು, ಬಿದ್ದರೆ ಹೊದಿಕೆ ಒಡೆಯುತ್ತದೆ. ತಿರುಪು ಬಿಚ್ಚಿ ಪ್ಲೇಟು ಬದಲಿಸುವ ಡಂಬೆಲ್ ಜಾಗವನ್ನೂ ಹಣವನ್ನೂ ಉಳಿಸುತ್ತದೆ, ತೂಕವನ್ನು ಮೆಲ್ಲಗೆ ಹೆಚ್ಚಿಸಲು ಅದೇ ಅನುಕೂಲ. ಅದರ ತಿರುಪಿನ ಎಳೆಗಳಿಗೆ ತಿಂಗಳಿಗೊಮ್ಮೆ ಮೆಶಿನ್ ಎಣ್ಣೆ ಮುಟ್ಟಿಸುವಷ್ಟು ತಾಳ್ಮೆ ಇರುವವರು ಮಾತ್ರ ಅದನ್ನು ಕೊಳ್ಳಬೇಕು. ಯಾವ ಡಂಬೆಲ್ ಆದರೂ ನೆಲದ ಮೇಲೆ ಇಡಬಾರದು. ಮಳೆ ಶುರುವಾಗುವ ದಿನಗಳಲ್ಲಿ ನಮ್ಮ ಮನೆಗಳ ನೆಲ ಬೆವರುತ್ತದೆ. ಮೇಲಿನಿಂದ ಹೊಳೆಯುವ ಡಂಬೆಲ್ಲನ್ನು ಎತ್ತಿ ನೋಡಿದರೆ ಕೆಳಗೆ ಕಂದು ಬಣ್ಣದ ಕಲೆ ಕಾಣುತ್ತದೆ. ಒಂದು ಮರದ ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ ಇಟ್ಟರೆ ಸಾಕು.

ಮಲಗಿ ತೂಕ ಎತ್ತುವ ಬೆಂಚಿನ ವಿಷಯ ಚಿಕ್ಕದು. ರೆಕ್ಸಿನ್ನಿನ ಕೆಳಗಿರುವ ಸ್ಪಂಜಿಗೆ ಬೂಸ್ಟು ಹಿಡಿಯುತ್ತದೆ, ಅದರ ಕೆಳಗಿನ ಪ್ಲೈವುಡ್ ಹಲಗೆ ತೇವಕ್ಕೆ ಉಬ್ಬುತ್ತದೆ. ಕೊಂಡರೆ ಗೋಡೆಗೆ ಒರಗಿಸಿ ಮಡಿಸಿಡುವಂಥದ್ದನ್ನು ಕೊಳ್ಳಿ. ಇಲ್ಲವಾದರೂ ನಷ್ಟವಿಲ್ಲ, ನೆಲದ ಮೇಲೆ ಮ್ಯಾಟು ಹಾಸಿ ಮಲಗಿ ಮಾಡುವ ವ್ಯಾಯಾಮ ಆರಂಭಕ್ಕೆ ಸಾಕು.

ನಾನು ಮೊದಲು ಕೊಳ್ಳಲು ಹೇಳುವುದು ರಬ್ಬರಿನ ರೆಸಿಸ್ಟೆನ್ಸ್ ಬ್ಯಾಂಡ್‌ಗಳನ್ನು, ಎಂದರೆ ಎಳೆದು ಹಿಗ್ಗಿಸುತ್ತ ವ್ಯಾಯಾಮ ಮಾಡುವ ಪಟ್ಟಿಗಳನ್ನು. ತುಕ್ಕಿಲ್ಲ, ಕರೆಂಟಿಲ್ಲ, ಕೈಚೀಲದಲ್ಲಿ ಹಿಡಿಯುತ್ತವೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಸಲಕರಣೆಯಿಲ್ಲದೆ ಮಾಡುವ ವ್ಯಾಯಾಮಗಳಲ್ಲಿ ನೂಕುವುದಕ್ಕೆ ದಂಡವಿದೆ, ಕಾಲಿಗೆ ಬಸ್ಕಿಯಿದೆ. ಎಳೆಯುವುದಕ್ಕೆ, ಎಂದರೆ ಬೆನ್ನಿನ ಮೇಲ್ಭಾಗ ಮತ್ತು ಭುಜದ ಹಿಂಭಾಗಕ್ಕೆ, ಸುಲಭವಾದದ್ದು ಏನೂ ಇಲ್ಲ. ಕುಸ್ತಿಗೆ ಹೆಸರಾದ ಹಳಿಯಾಳ ನಮ್ಮ ಜಿಲ್ಲೆಯದೇ ತಾಲ್ಲೂಕು. ಗರಡಿಯ ಪೈಲ್ವಾನರು ದಂಡ, ಬಸ್ಕಿಗಳ ಜೊತೆಗೆ ಹಗ್ಗ ಹತ್ತುವುದನ್ನೂ ಎದುರಾಳಿಯನ್ನು ಸೆಳೆಯುವುದನ್ನೂ ಅಭ್ಯಾಸ ಮಾಡುವುದರಿಂದ ಅವರಿಗೆ ಆ ಕೊರತೆ ಬರುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಅದನ್ನು ಬ್ಯಾಂಡ್ ತುಂಬಿಕೊಡುತ್ತದೆ. ಕಿಟಕಿಯ ಸರಳಿಗೆ ಕಟ್ಟಿ ಎಳೆಯುವುದಾದರೆ ಸರಳಿನ ತುಕ್ಕಿನ ಚಕ್ಕೆ ರಬ್ಬರನ್ನು ಕೊಯ್ಯದಂತೆ ದಪ್ಪ ಬಟ್ಟೆ ಸುತ್ತಬೇಕು. ಕಬ್ಬಿಣಕ್ಕೆ ಎಣ್ಣೆ ಒಳ್ಳೆಯದು, ರಬ್ಬರಿಗೆ ಅದೇ ಶತ್ರು. ಬ್ಯಾಂಡಿಗೆ ತೆಂಗಿನೆಣ್ಣೆಯ ಕೈ ಕೂಡ ತಾಗಿಸಬೇಡಿ, ಬಿಸಿಲಿಗೆ ಇಡಬೇಡಿ, ಬಳಸುವ ಮೊದಲು ಪ್ರತಿ ಸಲ ಹಿಗ್ಗಿಸಿ ಬಿರುಕು ಇದೆಯೇ ನೋಡಿ. ಬಿರುಕು ಕಂಡ ದಿನವೇ ಎಸೆಯಬೇಕು, ಏಕೆಂದರೆ ಹರಿದ ಬ್ಯಾಂಡ್ ನೇರವಾಗಿ ಮುಖಕ್ಕೆ ಬಂದು ಬಡಿಯುತ್ತದೆ.

ಬಾಗಿಲ ಚೌಕಟ್ಟಿಗೆ ಅಥವಾ ಗೋಡೆಗೆ ಹಾಕುವ ಜೋತುಬೀಳುವ ಬಾರಿನ ಬಗ್ಗೆ ಒಂದು ಎಚ್ಚರಿಕೆ. ಕರಾವಳಿಯ ಹಳೆಯ ಮನೆಗಳ ಗೋಡೆ ಚಿರೆಕಲ್ಲಿನದು. ಆ ಕಲ್ಲು ಮೃದು, ಒಳಗೆ ರಂಧ್ರಗಳು. ಕಾಂಕ್ರೀಟಿನಲ್ಲಿ ಕಚ್ಚಿ ಹಿಡಿಯುವ ಆ್ಯಂಕರ್ ಬೋಲ್ಟು ಇದರಲ್ಲಿ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಮನುಷ್ಯನ ತೂಕಕ್ಕೆ ಕಿತ್ತುಬರಬಹುದು. ಕಾಂಕ್ರೀಟಿನ ತೊಲೆ ಇದ್ದಲ್ಲಿ ಮಾತ್ರ ಹಾಕಿಸಬೇಕು.

ಮ್ಯಾಟು, ಬ್ಯಾಂಡ್‌ಗಳ ಒಂದು ಸೆಟ್ಟು, ನಿಮ್ಮ ಶಕ್ತಿಗೆ ತಕ್ಕ ಒಂದು ಜೋಡಿ ಡಂಬೆಲ್, ಇಷ್ಟು ಸುಮಾರು ಐದಾರು ಸಾವಿರ ರೂಪಾಯಿಯೊಳಗೆ ಬರುತ್ತದೆ. ಕಾಲಿಗೆ ಭಾರ ಸಾಲದೆ ಹೋದಾಗ ಬೆನ್ನಚೀಲದಲ್ಲಿ ಅಕ್ಕಿಯೋ ಮರಳೋ ತುಂಬಿ ಹೊತ್ತು ಬಸ್ಕಿ ಹೊಡೆಯಬಹುದು, ಒಂದೊಂದೇ ಕಾಲಿನ ಮೇಲೆ ಏಳುವುದನ್ನು ಅಭ್ಯಾಸ ಮಾಡಬಹುದು, ಇಳಿಯುವುದನ್ನು ನಿಧಾನ ಮಾಡಬಹುದು. ಈ ಮಿತಿಯೂ ದಾಟಿದವರು ಜಿಮ್ಮಿಗೆ ಹೋಗಲು ತಕ್ಕವರಾದರು ಎಂದೇ ಅರ್ಥ.

ಮೋಟಾರಿನ ಯಂತ್ರ ಮತ್ತು ಪೆಡಲಿನ ಯಂತ್ರ

ಟ್ರೆಡ್‌ಮಿಲ್‌ನ ಗುಣವನ್ನು ಅಲ್ಲಗಳೆಯುವಂತಿಲ್ಲ. ನಡಿಗೆ ಎಲ್ಲರಿಗೂ ಬರುವ ವ್ಯಾಯಾಮ, ವೇಗವನ್ನೂ ಏರನ್ನೂ ಬೇಕಾದಷ್ಟೇ ಇಟ್ಟುಕೊಳ್ಳಬಹುದು, ಹೊರಗೆ ಮಳೆ ಸುರಿಯುತ್ತಿದ್ದರೂ ನಿಲ್ಲಿಸಬೇಕಾಗಿಲ್ಲ. ಕೊಳ್ಳುವವರು ಮೊದಲು ನೋಡಬೇಕಾದ್ದು ಮೋಟಾರಿನ ಅಶ್ವಶಕ್ತಿಯನ್ನು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಹೆಚ್ಚಾಗಿ ಕ್ಷಣಕಾಲ ಮುಟ್ಟಬಲ್ಲ ಗರಿಷ್ಠ ಶಕ್ತಿ. ನಮಗೆ ಬೇಕಾದ್ದು ನಿರಂತರವಾಗಿ ಕೊಡಬಲ್ಲ ಶಕ್ತಿ, ಅದು ವಿವರಣೆಯ ಪಟ್ಟಿಯಲ್ಲಿ ಸಣ್ಣದಾಗಿ ಇರುತ್ತದೆ. ಯಂತ್ರ ತಾಳುವ ದೇಹತೂಕದ ಮಿತಿ ಮನೆಯ ಅತಿ ಭಾರದವರ ತೂಕಕ್ಕಿಂತ ಸಾಕಷ್ಟು ಮೇಲಿರಬೇಕು. ಓಡುವವರಿಗೆ ಬೆಲ್ಟು 130 ಸೆಂಟಿಮೀಟರಿಗಿಂತ ಉದ್ದವಿರಲಿ, ಬರೀ ನಡೆಯುವವರಿಗೆ ಅದಕ್ಕಿಂತ ಗಿಡ್ಡದ್ದು ನಡೆಯುತ್ತದೆ.

ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಎರಡು ಅಶ್ವಶಕ್ತಿಯ ಮೋಟಾರು ಪೂರ್ತಿ ದುಡಿದರೆ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ನಡಿಗೆಯ ವೇಗದಲ್ಲಿ ಅಷ್ಟು ಬೇಕಾಗದೆ ಇರುವುದರಿಂದ ಬಿಲ್ಲಿನ ಚಿಂತೆ ದೊಡ್ಡದಲ್ಲ. ಆದರೆ ಮನೆಯ ಸಾಮಾನ್ಯ ಇನ್ವರ್ಟರಿನ ಮೇಲೆ ಅದು ಓಡುವುದಿಲ್ಲ ಎಂಬುದನ್ನು ಮರೆಯಬಾರದು. ಯಂತ್ರ ಅತ್ಯಂತ ಹೆಚ್ಚು ಬೇಕಾಗುವುದು ಗಾಳಿಮಳೆಯ ದಿನ, ಕರೆಂಟು ಹೋಗುವುದೂ ಅದೇ ದಿನ. ಕರೆಂಟು ಹೋದೊಡನೆ ಬೆಲ್ಟು ಹಠಾತ್ತಾಗಿ ನಿಲ್ಲುವುದರಿಂದ ವಯಸ್ಸಾದವರು ಹಿಡಿಕೆ ಬಿಟ್ಟು ನಡೆಯಬಾರದು. ಕೈಹಿಡಿಕೆಯೇ ಇಲ್ಲದ, ಮಂಚದ ಕೆಳಗೆ ಸರಿಸಿಡುವ ವಾಕಿಂಗ್ ಪ್ಯಾಡ್ ಅವರಿಗೆ ಬೇಡವೇ ಬೇಡ. ವೋಲ್ಟೇಜ್ ಏರಿಳಿತಕ್ಕೆ ತಕ್ಕ ಸ್ಟೆಬಿಲೈಸರ್, ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರಿನ ಪ್ಲಗ್ ಪಾಯಿಂಟ್ ಮೊದಲೇ ಹಾಕಿಸಬೇಕು, ಮೇ ತಿಂಗಳ ಮತ್ತು ಅಕ್ಟೋಬರಿನ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡಬೇಕು. ಘಟ್ಟದ ಮೇಲಿನ ಹಳೆಯ ಹಂಚಿನ ಮನೆಗಳಲ್ಲಿ ಮರದ ಹಲಗೆಯ ಮಾಳಿಗೆಯ ಮೇಲೆ ಟ್ರೆಡ್‌ಮಿಲ್ ಇಡಬಾರದು. ಅದರ ತೂಕಕ್ಕೆ ನಡೆಯುವವರ ತೂಕವೂ ಹೆಜ್ಜೆಯ ಕುಕ್ಕೂ ಕೂಡುತ್ತವೆ.

ಸರ್ವಿಸಿನವರು ಯಾವ ಊರಿನಿಂದ ಬರುತ್ತಾರೆ, ಬರುವ ಖರ್ಚು ಯಾರದು, ತುಕ್ಕಿಗೆ ವಾರಂಟಿ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯದೆ ಹಣ ಕೊಡಬೇಡಿ. ತುಕ್ಕು ಸಾಮಾನ್ಯವಾಗಿ ವಾರಂಟಿಯ ಹೊರಗೇ ಇರುತ್ತದೆ. ಮೋಟಾರಿಲ್ಲದ ಅಗ್ಗದ ಟ್ರೆಡ್‌ಮಿಲ್ ಇದಕ್ಕೆ ಪರಿಹಾರವಲ್ಲ. ಬೆಲ್ಟನ್ನು ಕಾಲಿನಿಂದಲೇ ನೂಕಬೇಕಾದ್ದರಿಂದ ಏರಿನ ಮೇಲೆ ಹಿಡಿಕೆಗೆ ಜೋತುಬಿದ್ದು ನಡೆಯುವಂತಾಗುತ್ತದೆ, ಮಂಡಿ ನೋವಿನವರಿಗೆ ಅದು ಸಲ್ಲದು.

ಇವುಗಳ ನಡುವೆ ನನ್ನ ಆಯ್ಕೆ ಆಯಸ್ಕಾಂತದ ತಡೆ ಇರುವ ಎಕ್ಸರ್‌ಸೈಜ್ ಸೈಕಲ್. ಕರೆಂಟು ಬೇಡ, ಸದ್ದಿಲ್ಲ, ಮಂಡಿಯ ಮೇಲೆ ದೇಹದ ಭಾರ ಬೀಳುವುದಿಲ್ಲ, ಒಬ್ಬರೇ ಸರಿಸಬಹುದು. ಚಕ್ರಕ್ಕೆ ಫೆಲ್ಟಿನ ತುಂಡು ಒತ್ತಿ ತಡೆ ಕೊಡುವ ಸೈಕಲ್ಲಿಗಿಂತ ಇದು ಬಾಳಿಕೆ ಬರುತ್ತದೆ, ಏಕೆಂದರೆ ಇದರಲ್ಲಿ ತಡೆಯ ಭಾಗಗಳು ಒಂದಕ್ಕೊಂದು ಉಜ್ಜುವುದಿಲ್ಲ. ಬೆನ್ನು ನೋವು ಇರುವವರಿಗೆ, ವಯಸ್ಸಾದವರಿಗೆ ಒರಗಿ ಕೂರುವ ಮಾದರಿ ಒಳ್ಳೆಯದು, ಜಾಗ ಮಾತ್ರ ಹೆಚ್ಚು ಬೇಕು. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ, ಸೀಟಿನ ಕೊಳವೆಯನ್ನು ಒಮ್ಮೆ ಮೇಲೆ ಕೆಳಗೆ ಸರಿಸಿ, ತಿಂಗಳಿಗೊಮ್ಮೆ ಅದಕ್ಕೆ ಗ್ರೀಸು ಮುಟ್ಟಿಸಿದರೆ ನೆಂಟರ ಮನೆಯ ಸೈಕಲ್ಲಿಗೆ ಆದ ಗತಿ ಬರುವುದಿಲ್ಲ. ಕೈಕಾಲು ಎರಡನ್ನೂ ಆಡಿಸುವ ಕ್ರಾಸ್ ಟ್ರೇನರ್‌ನಲ್ಲಿ ಕೀಲುಗಳು ಹೆಚ್ಚು, ಅಷ್ಟೇ ತುಕ್ಕಿನ ಜಾಗಗಳೂ ಹೆಚ್ಚು. ದೋಣಿಯ ಹುಟ್ಟು ಹಾಕುವಂತೆ ಎಳೆಯುವ ರೋಯಿಂಗ್ ಯಂತ್ರ ಇಡೀ ದೇಹಕ್ಕೆ ಶ್ರಮ ಕೊಡುವ ಒಳ್ಳೆಯ ಸಾಧನ. ಬೆನ್ನನ್ನು ನೇರವಾಗಿಟ್ಟುಕೊಳ್ಳುವುದನ್ನು ಯಾರಾದರೂ ಕಲಿಸಿದ ಮೇಲೆ ಮಾತ್ರ ಕೊಳ್ಳಿ.

ಯಾವ ಯಂತ್ರವಾದರೂ ಎದುರಿಗೆ ಫ್ಯಾನು ಇರಲೇಬೇಕು. ಕಡಲತೀರದಲ್ಲಿ ನಡೆಯುವಾಗ ಮೈಗೆ ಗಾಳಿ ತಾಗುತ್ತದೆ. ಯಂತ್ರದ ಮೇಲೆ ನಾವು ನಿಂತಲ್ಲೇ ಇರುತ್ತೇವೆ, ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರದೆ ಮೈಯ ಕಾವು ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಬೇಗ ಮುಗಿಸಿ, ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯುವುದು ಒಳ್ಳೆಯದು. ರಕ್ತದೊತ್ತಡ ಇರುವವರು ಉಪ್ಪಿನ ಬಗ್ಗೆ ವೈದ್ಯರ ಮಾತು ಕೇಳಬೇಕು. ಹೃದ್ರೋಗ, ಮಧುಮೇಹ ಇರುವವರು, ಬಹಳ ವರ್ಷಗಳಿಂದ ವ್ಯಾಯಾಮ ಬಿಟ್ಟಿದ್ದ ನಡುವಯಸ್ಸಿನವರು ಕೂಡ ಆರಂಭಕ್ಕೆ ಮೊದಲು ತಪಾಸಣೆ ಮಾಡಿಸಿಕೊಳ್ಳಲಿ.

ಯಾರಿಗೆ ಯಾವುದು

ದಿನವಿಡೀ ಅಡಿಕೆ ತೋಟದಲ್ಲಿ ಹತ್ತಿಳಿಯುವವರಿಗೆ, ಅಡಿಕೆಯ ಕೊನೆ (ಗೊನೆ) ಹೊರುವವರಿಗೆ ಟ್ರೆಡ್‌ಮಿಲ್ ಹೇಳುವುದರಲ್ಲಿ ಅರ್ಥವಿಲ್ಲ. ಉಸಿರಿನ ಶ್ರಮ ಅವರಿಗೆ ಧಾರಾಳವಾಗಿದೆ. ಅವರಿಗೆ ಬೇಕಾದ್ದು ಬಗ್ಗಿ ಬಗ್ಗಿ ದಣಿದ ಬೆನ್ನಿಗೆ, ಸೊಂಟಕ್ಕೆ, ಭುಜದ ಹಿಂಭಾಗಕ್ಕೆ ಬಲ, ಅದಕ್ಕೆ ಬ್ಯಾಂಡು ಮತ್ತು ಮ್ಯಾಟು ಸಾಕು. ಅಂಗಡಿಯಲ್ಲಿ, ಕಚೇರಿಯಲ್ಲಿ ಕುಳಿತೇ ಕೆಲಸ ಮಾಡುವವರಿಗೆ ಎರಡೂ ಬೇಕು: ಮಳೆಗಾಲಕ್ಕೆ ಸೈಕಲ್, ವರ್ಷಕ್ಕೆ ಡಂಬೆಲ್ ಮತ್ತು ಬ್ಯಾಂಡ್. ಮನೆಯ ಹಿರಿಯರಿಗೆ ಜಗುಲಿಯ ಗಟ್ಟಿ ಕುರ್ಚಿಯೇ ಮೊದಲ ಸಲಕರಣೆ. ಕೈ ಊರದೆ ಕುರ್ಚಿಯಿಂದ ಏಳುವುದು ಕೂರುವುದು, ಗೋಡೆ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುವುದು ಬೀಳದಂತೆ ಕಾಯುವ ಅಭ್ಯಾಸಗಳು. ತಾಲೀಮು ಗಂಭೀರವಾಗಿ ಮಾಡಬೇಕೆಂಬ ಕಾಲೇಜು ಹುಡುಗರು ಮತ್ತು ಹುಡುಗಿಯರು ಮನೆಗೆ ಹಣ ಹಾಕದೆ ಜಿಮ್ಮಿಗೇ ಹೋಗಲಿ.

ಕೈಗಾ ಅಣುವಿದ್ಯುತ್ ಸ್ಥಾವರ, ನೌಕಾನೆಲೆ, ಸರ್ಕಾರಿ ಕಚೇರಿಗಳ ಕಾರಣಕ್ಕೆ ಕಾರವಾರದಲ್ಲಿ ವರ್ಗವಾಗಿ ಬಂದು ಹೋಗುವ ಕುಟುಂಬಗಳು ಬಹಳ. ಅಂಥವರು ಭಾರದ ಯಂತ್ರ ಕೊಳ್ಳುವ ಮೊದಲು ಅದನ್ನು ಮತ್ತೆ ಬಿಚ್ಚಿ, ಲಾರಿಗೆ ಹಾಕಿ, ಇನ್ನೊಂದು ಊರಿನಲ್ಲಿ ಜೋಡಿಸುವ ಖರ್ಚನ್ನು ನೆನೆಯಬೇಕು. ಊರಿನಲ್ಲೇ ಇರುವವರಿಗೆ ಇದೇ ಅನುಕೂಲವೂ ಹೌದು. ವರ್ಗವಾಗಿ ಹೊರಟವರಿಂದ ಹಳೆಯ ಯಂತ್ರ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ನೋಡಲು ಹೋದಾಗ ಯಂತ್ರವನ್ನು ಮಗ್ಗುಲಿಗೆ ಮಲಗಿಸಿ ಟಾರ್ಚು ಹಾಕಿ ಕೆಳಭಾಗವನ್ನು ನೋಡಿ. ಬಣ್ಣದ ಮೇಲಿನ ಕಂದು ಪುಡಿ ಒರೆಸಿದರೆ ಹೋಗುವಂಥದ್ದಾದರೆ ಚಿಂತೆಯಿಲ್ಲ. ಬಣ್ಣ ಗುಳ್ಳೆಯಾಗಿ ಎದ್ದಿದ್ದರೆ, ಬೆಸುಗೆ ಹಾಕಿದ ಜಾಗದಲ್ಲಿ ಪದರ ಕಿತ್ತುಬರುತ್ತಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಆರು ಮೂಲೆಯ ಅಲೆನ್ ಕೀಲಿಯಿಂದ ಬಿಚ್ಚುವ ಬೋಲ್ಟಿನ ತಲೆ ತುಕ್ಕಿನಿಂದ ದುಂಡಗಾಗಿದೆಯೇ ನೋಡಿ, ಆಗಿದ್ದರೆ ಅದನ್ನು ಬಿಚ್ಚಲಾಗುವುದಿಲ್ಲ, ಬಿಚ್ಚದೆ ನಿಮ್ಮ ಮನೆಯ ಬಾಗಿಲಿನಿಂದ ಯಂತ್ರ ಒಳಕ್ಕೆ ಬರುವುದೂ ಅನುಮಾನ. ಆಮೇಲೆ ಮಾರುವವರ ಮನೆಯಲ್ಲಿಯೇ ಕಾಲು ಗಂಟೆ ಅದರ ಮೇಲೆ ನಡೆಯಿರಿ ಅಥವಾ ಪೆಡಲ್ ತುಳಿಯಿರಿ. ಬೆಲ್ಟು ಒಂದು ಬದಿಗೆ ಸರಿಯುವುದು, ಮೋಟಾರಿನಿಂದ ಸುಟ್ಟ ವಾಸನೆ ಬರುವುದು, ಬೇರಿಂಗಿನ ಕಿರುಗುಟ್ಟುವಿಕೆ ಎಲ್ಲವೂ ಯಂತ್ರ ಬಿಸಿಯಾದ ಮೇಲೆಯೇ ತಿಳಿಯುವುದು, ಆನ್ ಮಾಡಿದ ಮೊದಲ ನಿಮಿಷದಲ್ಲಲ್ಲ.